ಕುಡಗೋಲು ತಾಕದ ಲೆಕ್ಕಿ ಮೆಳೆ

ನಮ್ಮ ಮನೆತನದಾಗ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅವ್ವ ನಮ್ಮೂರು ಸಗರದ ಹಳ್ಳದ ದಂಡೆಯಲ್ಲಿ ಲೆಕ್ಕಿ ಗಿಡದ ಬರಲು, ಅಂದರೆ ಬಳುಕುವ ನೀಳ ಕಡ್ಡಿ ಕೊಯ್ದು, ಗೊಬ್ಬರ, ಜ್ವಾಳ ಹೊರುವ ಹೆಡಗಿ ಹೆಣೆದು ಓದಿಸಿದಳು. ಈಗ ಶಹಾಪುರದಲ್ಲಿ ಟೀಚರ್ ಇದ್ದೇನೆ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಟ್ರಂಕು ತೆರೆದರೆ ಲೆಕ್ಕಿ ಎಲೆಯ ಘಾಟು. ಹುಳ ಬೀಳದಿರಲೆಂದು ಅವ್ವ ಅರಿವೆ ನಡುವೆ ಇಟ್ಟಿರುತ್ತಿದ್ದಳು. ಮೂಗು ಮುಚ್ಚಿದವರಿಗೆ "ನಮ್ಮ ಹೊಲ ಅದೇ" ಅಂತಿದ್ದೆ.

ನಮ್ಮವರಲ್ಲಿ ಒಂದು ಕಟ್ಟಳೆ. ಮೆಳೆಗಳನ್ನು ಬುಡದಲ್ಲಿ ಗೇಣು ಬಿಟ್ಟು ಕೊಯ್ದರೆ ಮರುವರ್ಷ ಬರಲು ನೆಟ್ಟಗೆ ಏಳುತ್ತವೆ. ಆದರೆ ತುದಿಯ ಹಿರೀ ಮೆಳೆಗೆ ಕುಡಗೋಲು ತಾಕಿಸುವಂತಿಲ್ಲ. ಅದು ಹಳ್ಳದ ಪಾಲು. ಅವ್ವ ಅದಕ್ಕೆ ಹಸಿರು ಬಳೆ ಏರಿಸುತ್ತಾಳೆ, ಅಷ್ಟೇ.

ಈ ಸಲ ಸುಗ್ಗಿಗೆ ಮುಂಚೆ ಊರಿಗೆ ಹೋದರೆ ದಂಡೆಯೆಲ್ಲ ಹಳದಿ. ಪಕ್ಕದ ನೆಲ್ಲಿನ ಗದ್ದೆಯವನು ಕಸ ಸಾಯಲೆಂದು ಕಳೆನಾಶಕದ ಎಣ್ಣೆ ಹೊಡೆದಿದ್ದ. ಅವ್ವ ಒಂದು ಬರಲು ಮೊಣಕಾಲಿಗೆ ಆನಿಸಿ ಬಗ್ಗಿಸಿದಳು. ಬಳುಕಬೇಕಾದದ್ದು ಲಟಕ್ಕನೆ ಮುರಿಯಿತು.

ಗದ್ದೆಯವನು ಪಂಪಿನ ಹತ್ತಿರ ನಿಂತಿದ್ದ. "ಏನಬೇ, ಇನ್ನಾ ಬುಟ್ಟಿ ಹೆಣಿತಿ? ಮಗಳ ಪಗಾರ ಸಾಲವಲ್ದೇನು?"

"ಆಕಿ ಪಗಾರ ಆಕಿದು. ನನ್ನ ಕೈ ನನ್ನವು," ಅಂದಳು ಅವ್ವ. "ಹೆಡಗಿ ಸಿಗಂಗಿಲ್ಲ, ನಿನ್ನ ಗೊಬ್ಬರ ಇನ್ನ ಟೊಪ್ಪಿಗ್ಯಾಗ ಹೊರು."

"ದಂಡಿ ನಿಮ್ಮ ಪಟ್ಟಾದಾಗಿಲ್ರಿ, ಹಳ್ಳ ಸರ್ಕಾರದ್ದು," ಅಂದೆ ನಾನು.

"ಕಸ ಯಾರ್ದರಿ, ಟೀಚರ್?"

ಅರ್ಜಿ ಕೊಡ್ತೀನಿ ಅಂದೆ. ಕೊಟ್ಟೆ ಕೂಡ. ಸತ್ತ ಮೆಳೆ ಅರ್ಜಿಗೆ ಚಿಗುರುವುದಿಲ್ಲ.

ಎಣ್ಣೆ ಮುಟ್ಟದ ಹಿರೀ ಮೆಳೆಯೊಂದೇ ಹಸಿರಿತ್ತು. ರಂಗಂಪೇಟೆಯ ವ್ಯಾಪಾರಿಗೆ ಹೆಡಗಿ ಕೊಡುವ ಮಾತಾಗಿತ್ತು. ಅವ್ವ ಕುಡಗೋಲು ತೊಡೆ ಮೇಲಿಟ್ಟು ಮೆಳೆಯ ಮುಂದೆ ಕುಂತಳು.

"ಕೊಯ್ಯಬೇ," ಅಂದೆ. "ಇಲ್ಲಂದ್ರ ಈ ವರ್ಷ ಖಾಲಿ ಕುಂಡ್ರತಿ."

"ಕೊಯ್ದ್ರ ಈ ವರ್ಷದ್ದಾತು. ಅವ ಮತ್ತ ಹೊಡಿತಾನ. ಆಮ್ಯಾಲ?"

ಕುಡಗೋಲು ನನ್ನ ಕೈಗಿಟ್ಟಳು. ಬರಿಗೈಲೇ, ನೆಟ್ಟರೆ ಚಿಗುರುವ ಕಣ್ಣಿರುವ ಕಡ್ಡಿ ಒಂದೊಂದೇ ಮುರಿದು ಸೆರಗಿಗೆ ಹಾಕಿಕೊಂಡಳು. ಕಬ್ಬಿಣ ತಾಕಲಿಲ್ಲ; ಕಟ್ಟಳೆ ಮುರಿಯಿತೋ ಉಳಿಯಿತೋ.

ಆ ಕಡ್ಡಿಗಳು ಈಗ ನನ್ನ ಬಾಡಿಗೆ ಮನೆಯ ಮಾಳಿಗೆ ಮೇಲೆ, ಮಣ್ಣು ತುಂಬಿದ ಹಳೆ ಬಣ್ಣದ ಡಬ್ಬಿಗಳಲ್ಲಿವೆ. "ಗುಲಾಬಿ ಹಚ್ಚಬಾರದೇನ್ರಿ, ಟೀಚರ್?" ಅಂತಾಳೆ ಮನೆಯೊಡತಿ. ಈ ವರ್ಷ ಹೆಡಗಿ ಆಗೂದಿಲ್ಲ ಅಂತ ಅವ್ವ ವ್ಯಾಪಾರಿಗೆ ಹೇಳಿ ಬಂದಳು. ಕೆಲಸವಿಲ್ಲದೆ ಊರಿನ ಮನೆಯಲ್ಲಿ ಕುಂತು ಹಳೆ ಹೆಡಗಿಯ ಅಂಚು ಬಿಚ್ಚಿ ಮತ್ತೆ ಬಿಗಿಯುತ್ತಾಳೆ. ಅದು ಬಿಗಿಯಾಗಿಯೇ ಇತ್ತು.

ಹೆಚ್ಚಿನ ಕಡ್ಡಿ ಕಪ್ಪಾದವು. ಕೆಲವು ಚಿಗುರಿವೆ. "ಬೇರು ಬಿಟ್ಟ ಮ್ಯಾಲ ಎಲ್ಲಿ ಹಚ್ಚೂದು?" ಅಂತ ಅವ್ವ ದಿನಾ ಫೋನಿನಲ್ಲಿ ಕೇಳುತ್ತಾಳೆ. ಡಬ್ಬಿಯಲ್ಲಿ ಹೆಡಗಿಯಾಗುವಷ್ಟು ಬರಲು ಬೆಳೆಯುವುದಿಲ್ಲ. ಎಣ್ಣೆ ಹೊಡೆಯದ ದಂಡೆ ಇದೆಯೇ ಎಂದು ಗೋಗಿ ಹಳ್ಳಿಯ ಕಡೆ ಕೇಳಿ ಬಂದೆ. ಯಾರೂ ಇನ್ನೂ ಹೂಂ ಅಂದಿಲ್ಲ.