ಮುಕ್ಕಾಲು ಕ್ಯಾಪ್ಟನ್

ಬೀದಿಯವರು ಅವನಿಗಿಟ್ಟ ಹೆಸರು ಮುಕ್ಕಾಲು ಕ್ಯಾಪ್ಟನ್. ಹನ್ನೆರಡು ವಾರಗಳ ಸೇನಾಧಿಕಾರಿ ತರಬೇತಿಯಲ್ಲಿ ಒಂಬತ್ತು ವಾರ ಕಳೆದು, ಇನ್ನು ಕಾಲು ಭಾಗ ಬಾಕಿ ಇರುವಾಗ ಕಾಲಿನ ನೆಪ ಹೇಳಿ ಮನೆಗೆ ಬಂದವನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಿಲ್ಲ. 'ಮುಕ್ಕಾಲು' ಬೆನ್ನ ಹಿಂದೆ, 'ಕ್ಯಾಪ್ಟನ್' ಎದುರಿಗೆ. ಎದುರಿಗಿನದನ್ನು ಕೇಳಿ ಮೀಸೆ ತಿರುವಿಕೊಳ್ಳುತ್ತಿದ್ದ.

ಅವನ ಹೆಂಡತಿ ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ ಹೆಡ್ ನರ್ಸ್. ಮೊಣಕಾಲುಗಳನ್ನೇ ನೋಡಿ ಪಳಗಿದ ಅವಳ ಕಣ್ಣಿಗೆ ಗಂಡನ ಮೊಣಕಾಲಿನ ಬಂಡವಾಳ ಮದುವೆಯಾದ ತಿಂಗಳಲ್ಲೇ ಬಯಲಾಗಿತ್ತು. ಕುಂಟುವುದೆಲ್ಲ ನಾಲ್ಕು ಜನರ ಮುಂದೆ ಮಾತ್ರ. ಹೊರಟ ಬಸ್ಸನ್ನು ಓಡಿ ಹತ್ತುತ್ತಿದ್ದ. ಒಮ್ಮೆ ಎಡಗಾಲು ಕುಂಟುತ್ತಿತ್ತು, ಇನ್ನೊಮ್ಮೆ ಬಲಗಾಲು. ಮನೆಯ ಮರ್ಯಾದೆ ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ಒಳಗೊಳಗೇ ಹೇಸಿಕೊಳ್ಳುತ್ತಿದ್ದಳು.

ಇಂಥವನು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದು, ಅಧಿಕಾರಿಗಳಾಗಬೇಕೆನ್ನುವವರಿಗೆ ಕೋಚಿಂಗ್ ಕೊಡುತ್ತಿದ್ದ! "ಅರ್ಧಕ್ಕೆ ಬಿಟ್ಟು ಬರೋರು ಯಾರು ಗೊತ್ತಾ? ನಿದ್ದೆ ಸಾಲಲ್ಲ ಅನ್ನೋರು, ಪಾದದಲ್ಲಿ ಗುಳ್ಳೆ ಎದ್ರೆ ಅಮ್ಮಾ ಅನ್ನೋರು, ಬೈಸಿಕೊಂಡ್ರೆ ಮುಖ ಊದಿಸ್ಕೊಳ್ಳೋರು. ಗಟ್ಟಿಗರು ಮೂಳೆ ಮುರಿದ್ರೆ ಮಾತ್ರ ಬರ್ತಾರೆ" ಎಂದು ಎದೆ ಸೆಟೆಸಿ ಕೊರೆಯುತ್ತಿದ್ದ.

ಒಬ್ಬಳೇ ಮಗಳು ಅದೇ ತರಬೇತಿಗೆ ಆಯ್ಕೆಯಾದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ದಿನ ಕುಂಟುವುದನ್ನೇ ಮರೆತಿದ್ದ.

ಒಂಬತ್ತನೆಯ ವಾರದ ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು. ಸ್ಪೀಕರ್ ಹಾಕಿದ. ಮಗಳು ಅಳುತ್ತಿದ್ದಳು.

"ಅಪ್ಪಾ, ನಾನು ಬಂದ್ಬಿಡ್ತೀನಿ. ಬಿಟ್ಟು ಹೋಗೋ ಅರ್ಜಿನೂ ತುಂಬಿಟ್ಟಿದೀನಿ. ನಿನ್ನೆ ಪಟ್ಟಿ ಬರೆಸಿದ್ರು."

"ಕೊನೇ ಹೆಸರು ನಿಂದಾ?"

ಅವಳಿನ್ನೂ ಹೇಳಿಯೇ ಇರಲಿಲ್ಲ. ತನ್ನ ಆಸ್ಪತ್ರೆಯ ಯೂನಿಫಾರಮ್ಮಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿಯ ಕೈ ನಿಂತಿತು. "ಯಾವ ಪಟ್ಟಿ?" ಎಂದು ಕೇಳಿದಳು.

ಮಗಳು ಬಿಕ್ಕುತ್ತ ಬಿಡಿಸಿ ಹೇಳಿದಳು. ಯುದ್ಧಕ್ಕೆ ಹೋಗುವುದಾದರೆ ಯಾರನ್ನು ಜೊತೆಗೆ ಕರೆದೊಯ್ಯುತ್ತೀರಿ ಎಂದು ತಂಡದ ಪ್ರತಿಯೊಬ್ಬರೂ ಉಳಿದವರ ಹೆಸರುಗಳನ್ನು ಸಾಲಾಗಿ ಬರೆಯಬೇಕಂತೆ. ಓಟದಲ್ಲಿ ಅವಳೇ ಮೊದಲು, ಗುರಿ ಹೊಡೆಯುವುದರಲ್ಲೂ ಅವಳೇ. ಆದರೆ ಹನ್ನೊಂದು ಜನರಲ್ಲಿ ಒಂಬತ್ತು ಜನ ಅವಳನ್ನು ಕಟ್ಟಕಡೆಗೆ ಬರೆದಿದ್ದರು.

ಆ ಮೊಣಕಾಲು ನಿಜವಾಗಿ ಏನೆಂದು ಹೆಂಡತಿಗೆ ಆಗ ತಿಳಿಯಿತು. ಇವನೂ ಯಾರಿಗೂ ಬೇಡವಾಗಿದ್ದನಲ್ಲ ಎಂದು ಒಂದು ಗಳಿಗೆ ಅಯ್ಯೋ ಅನ್ನಿಸಿತು ಕೂಡ. ಆ ಅಯ್ಯೋ ಪಾಪವನ್ನೂ ಅವನೇ ಕೆಡಿಸಿಕೊಂಡ.

"ಬಂದ್ಬಿಡು ಕಂದಾ," ಎಂದ ದನಿ ತಗ್ಗಿಸಿ. "ಪಟ್ಟಿ ವಿಷ್ಯ ಯಾರಿಗೂ ಹೇಳ್ಬೇಡ. ಮೊಣಕಾಲು ಅಂದ್ಬಿಡು, ಯಾರೂ ಎದುರು ಮಾತಾಡಲ್ಲ. ಆದ್ರೆ ಯಾವ ಕಾಲು ಅಂತ ಮೊದ್ಲೇ ತೀರ್ಮಾನ ಮಾಡ್ಕೋ. ಆಮೇಲೆ ಗೊಂದಲ ಆಗುತ್ತೆ."

ಆ ಕಡೆ ಅಳು ನಿಂತಿತು.

"ನಿಮ್ಮದು ಯಾವ ಕಾಲು ಅಪ್ಪಾ?"

ಅವನು ಬಗ್ಗಿ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡ.

ಹೆಂಡತಿ ಫೋನು ಕಿತ್ತುಕೊಂಡಳು. "ಪುಟ್ಟಿ, ಎಲ್ಲರಿಗಿಂತ ಮುಂದೆ ಓಡ್ತೀಯಲ್ಲ, ಒಂದ್ಸಲನಾದ್ರೂ ಹಿಂದೆ ತಿರುಗಿ ನೋಡಿದೀಯಾ?"

"ಇಲ್ಲಮ್ಮ."

"ಮತ್ತೆ ಅವರ್ಯಾಕೆ ನಿನ್ನ ಹೆಸರು ಮೇಲೆ ಬರೀತಾರೆ? ನಾಳೆಯಿಂದ ಕೊನೇಲಿ ಓಡೋರ ಜೊತೆ ಓಡು. ಅವರ ಚೀಲ ಒಂದಿಷ್ಟು ನೀನು ಹೊರು. ಅಷ್ಟಾದ್ಮೇಲೂ ಆಗ್ಲಿಲ್ವಾ, ಯಾರಿಗೂ ಬೇಡವಾದೆ ಅಂತ ಇದ್ದದ್ದು ಇದ್ದ ಹಾಗೆ ಹೇಳ್ಕೊಂಡು ಬಾ, ಬಾಗಿಲು ತೆಗೆದೇ ಇರುತ್ತೆ. ಕುಂಟ್ಕೊಂಡು ಮಾತ್ರ ಬರ್ಬೇಡ."

ಮೂಗೊರೆಸಿಕೊಂಡ ಸದ್ದು ಕೇಳಿಸಿತು. "ಇನ್ನು ಕಾಲು ಭಾಗ ತಾನೇ ಇರೋದು," ಎಂದಳು ಮಗಳು. "ನೋಡ್ತೀನಮ್ಮ."

ಹನ್ನೊಂದನೆಯ ವಾರ ಮತ್ತೆ ಪಟ್ಟಿ ಬರೆಸಿದರು. ಎಲ್ಲರ ಪಟ್ಟಿ ಸೇರಿಸಿ ನೋಡಿದರೆ ಅವಳ ಹೆಸರು ಐದನೆಯದಾಗಿತ್ತು.

ಸಮಾರೋಪದ ಕವಾಯತಿಗೆ ಮುಕ್ಕಾಲು ಕ್ಯಾಪ್ಟನ್ ಹೊಸ ಕೋಟು ಹೊಲಿಸಿಕೊಂಡು ಬಂದ. ಮೈದಾನದ ಗೇಟು ದಾಟುತ್ತಲೇ ಬಲಗಾಲು ಎಳೆಯತೊಡಗಿದ. ಪಕ್ಕದಲ್ಲಿ ನಡೆಯುತ್ತಿದ್ದ ಇನ್ನೊಬ್ಬ ತಂದೆ ಕನಿಕರದಿಂದ ಕೇಳಿದ, "ಕಾಲಿಗೆ ಏನಾಯ್ತು ಸಾರ್?"

ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ, ಹಿಂದಿನವರಿಗೂ ಕೇಳುವ ಹಾಗೆ ಹೇಳಿದಳು:

"ಏನೂ ಆಗಿಲ್ಲ. ಯಾವತ್ತೂ ಏನೂ ಆಗಿರಲಿಲ್ಲ."

ಕುರ್ಚಿಯವರೆಗೆ ಅವನು ನೆಟ್ಟಗೆ ನಡೆದ.