ಮೂರು ಹುಂಡಿಗಳ ತಕರಾರು ಅರ್ಜಿ

ಅಂದೇ ಕೊನೆಯ ದಿನ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಹದೇವಮ್ಮನವರಿಗೆ "ನಾಳೆ ಬನ್ನಿ" ಎಂದೆ. ಮರೆತು ಹೇಳಿದ್ದಲ್ಲ, ಬಾಯಿ ತಪ್ಪಿ ಬಂದದ್ದೂ ಅಲ್ಲ — ಯೋಚಿಸಿಟ್ಟುಕೊಂಡು ಹೇಳಿದ ಸುಳ್ಳು. ಹನ್ನೆರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ.

ಆಗ ನಾನು ಗುಂಡ್ಲುಪೇಟೆ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬಂದ ಅರ್ಜಿಗಳನ್ನು ತೆಗೆದುಕೊಂಡು, ಸೀಲು ಒತ್ತಿ, ಸ್ವೀಕೃತಿ ಕೊಡುವುದು ನನ್ನ ಕೆಲಸ. ಪಂಚಾಯಿತಿ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸಿ ಕರಡು ಪಟ್ಟಿ ಹೊರಡಿಸಿದ್ದರು. ತಕರಾರಿದ್ದವರು ಗಡುವಿನೊಳಗೆ ಅರ್ಜಿ ಕೊಡಬೇಕಿತ್ತು.

ಬೇಗೂರಿನಾಚೆ ಮೂರು ಹುಂಡಿಗಳಿವೆ — ಚಿಕ್ಕ ಚಿಕ್ಕ ಊರುಗಳು, ಹೆಸರು ಬೇಡ. ತಲೆಮಾರುಗಳಿಂದ ನಮ್ಮಂಥವರ ಹೊಲಗಳಲ್ಲಿ ದುಡಿದ ಜನ. ಮೊದಲು ಆ ಮೂರೂ ಒಂದೊಂದು ದೊಡ್ಡ ಊರಿನ ಬಾಲಕ್ಕೆ ಅಂಟಿಕೊಂಡಿದ್ದವು. ಅಲ್ಲಿಂದ ಒಬ್ಬರೂ ಆರಿಸಿ ಬಂದವರಲ್ಲ. ಹಿಂದಿನ ಸಲ ಗಡಿ ಬದಲಾದಾಗ ಹೇಗೋ ಮೂರೂ ಒಂದೇ ಕ್ಷೇತ್ರಕ್ಕೆ ಸೇರಿದವು. ಮೊದಲ ಚುನಾವಣೆಯಲ್ಲೇ ಮಹದೇವಮ್ಮ ಗೆದ್ದರು. ಚೆಂಡು ಹೂವಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದ ಹೆಂಗಸು. ಅವರೆದುರು ಸೋತವರು ನನ್ನ ದೊಡ್ಡಪ್ಪ.

ಈಗಿನ ಕರಡಿನಲ್ಲಿ ಹುಂಡಿಗಳು ಮತ್ತೆ ಮೂರು ಕಡೆಗೆ ಹರಿದುಹೋಗಿದ್ದವು.

ಗಡುವಿನ ಹಿಂದಿನ ಸಂಜೆ ದೊಡ್ಡಪ್ಪ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ಹೇಳಿದರು: "ಅರ್ಜಿ ತಕಬ್ಯಾಡ ಅನ್ನಕಿಲ್ಲ ಕಣ್ಲಾ. ನಾಳೀಕೆ ತಕಬ್ಯಾಡ, ಅಷ್ಟೇಯ. ನಾಳಿದ್ದು ತಕ್ಕೋ."

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರು. ಋಣ ಎನ್ನಬಹುದು. ಆದರೆ ಅದರ ಹಿಂದೆ ಅಡಗಿಕೊಳ್ಳಲಾರೆ. ಮಹದೇವಮ್ಮ ಕಚೇರಿಗೆ ಬಂದು, ನನ್ನೆದುರಿನ ಕುರ್ಚಿಯನ್ನೆಳೆದು ಕೂತಾಗಲೆಲ್ಲ ನನಗೂ ಒಳಗೆ ಎಲ್ಲೋ ಚುಚ್ಚುತ್ತಿತ್ತು. ಅವರ ಅತ್ತೆ ನಮ್ಮ ಹಿತ್ತಿಲಲ್ಲಿ ನಿಂತೇ ಮಾತಾಡುತ್ತಿದ್ದವರು... ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ. ಆದರೆ ನಿಜ ಅದೇ.

ಮರುದಿನ ಮಧ್ಯಾಹ್ನ ಮೂರರ ಮೇಲೆ ಅವರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಅರ್ಜಿ, ಮೂರು ಹುಂಡಿಗಳ ಜನರ ಸಹಿ, ಹೆಬ್ಬೆಟ್ಟು.

"ಸಾಹೇಬ್ರು ಮೀಟಿಂಗಿಗೆ ಚಾಮರಾಜನಗರಕ್ಕೆ ಹೋಗವ್ರೆ. ನಾಳೆ ಬನ್ನಿ," ಎಂದೆ. ಸಾಹೇಬರು ಇರಬೇಕಾದ ಅಗತ್ಯವೇ ಇರಲಿಲ್ಲ. ಸೀಲು ನನ್ನ ಮೇಜಿನ ಮೇಲೇ ಇತ್ತು.

"ಇವತ್ತೇ ಕಡೆ ದಿನ ಅಂದಿದ್ರಲ್ಲ ಸಾರ್?"

"ನೋಟಿಸು ಅಂಟ್ಸಿದ್ದೇ ನಾನು. ನಾಳೇನೂ ಟೈಮದೆ."

ಅವರು ಹೊರಗೆ ಹೋಗಿ ನೋಟಿಸ್ ಬೋರ್ಡಿನ ಮುಂದೆ ನಿಂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬೆಳಿಗ್ಗೆಯೇ ಆ ನೋಟಿಸಿನ ಕೆಳಭಾಗದ ಮೇಲೆ ಬೇರೊಂದು ಕಾಗದ ಅಂಟಿಸಿದ್ದೆ. ಕೊನೆಯ ದಿನಾಂಕ ಅದರಡಿಯಲ್ಲಿತ್ತು. ಮಹದೇವಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಬಂದರು. ಬೆರಳು ಆ ಕಾಗದದ ಅಂಚಿಗೆ ಬಂದು ನಿಂತಿತು. ಅಂಚನ್ನು ತುಸು ಎತ್ತಿದ್ದರೆ ಸಾಕಿತ್ತು — ಎತ್ತಲಿ ಎಂದುಕೊಂಡೆನೋ, ಎತ್ತದಿರಲಿ ಎಂದುಕೊಂಡೆನೋ, ಇವತ್ತಿಗೂ ನನಗೆ...

ಅವರು ಕಿಟಕಿಯ ಬಳಿಗೆ ವಾಪಸು ಬಂದರು. "ನೀವು ಹೇಳುದ್ ಮ್ಯಾಲೆ ಆಯ್ತು ಬುಡಿ ಸಾರ್. ಬೆಳಗ್ಗೆ ಮೊದಲ್ನೇ ಬಸ್ಸಿಗೇ ಬತ್ತೀನಿ."

ಐದು ಗಂಟೆಗೆ ರಿಜಿಸ್ಟರಿನಲ್ಲಿ ಆ ದಿನದ ಕೆಳಗೆ ಗೆರೆ ಎಳೆದೆ. ಬೇಗೂರಿನ ಬಸ್ಸು ಇನ್ನೂ ಹೊರಟಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತರಬಹುದಿತ್ತು. ಹೋಗಲಿಲ್ಲ.

ಮರುದಿನ ಹುಂಡಿಯ ಇಬ್ಬರು ಹಿರಿಯರೊಂದಿಗೆ ಬಂದರು. ಗಡುವು ನಿನ್ನೆಗೇ ಮುಗಿಯಿತು ಎಂದರು ಸಾಹೇಬರು. ಮಹದೇವಮ್ಮ ನನ್ನ ಕಡೆ ತಿರುಗಿದರು. "ನಾಳೆ ಬನ್ನಿ ಅಂದ್ರಲ್ಲ ಸಾರ್ ನೀವು?"

ಸಾಹೇಬರು ನನ್ನನ್ನು ನೋಡಿದರು. ಹಿರಿಯರೂ ನೋಡಿದರು. ಆ ಒಂದು ಗಳಿಗೆಯಲ್ಲಿ ಎಲ್ಲವನ್ನೂ ಸರಿಪಡಿಸಬಹುದಿತ್ತು.

"ಇಲ್ಲ ಸಾರ್," ಎಂದೆ ಸಾಹೇಬರಿಗೆ. "ನಿನ್ನೆ ಬರೀ ವಿಚಾರಿಸ್ಕೊಂಡು ಹೋಗೋಕೆ ಬಂದಿದ್ರು. ‘ಇವತ್ತೇ ಕಡೆ ದಿನ’ ಅಂತ್ಲೇ ಹೇಳಿದ್ದೆ. ತಪ್ಪಾಗಿ ಕೇಳಿಸ್ಕೊಂಡಿರ್ಬೇಕು."

ಮೊದಲ ಸುಳ್ಳಿಗಾದರೂ ದೊಡ್ಡಪ್ಪನ ಹೆಸರಿತ್ತು. ಈ ಎರಡನೆಯದು ಪೂರ್ತಿ ನನ್ನದು.

ಮಹದೇವಮ್ಮ ನನ್ನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಹಿರಿಯರ ಕಡೆ ತಿರುಗಿ, "ನಂಗೇ ತಪ್ಪಾಗಿ ಕೇಳುಸ್ತೇನೋ ಕಣಣ್ಣ," ಎಂದರು. ಅವರಿಬ್ಬರೂ ಆಕೆಯನ್ನು ಅಲ್ಲೇ ಬಿಟ್ಟು ಮುಂದೆ ನಡೆದುಬಿಟ್ಟರು.

ಗಡಿ ಹಾಗೇ ನಿಂತಿತು. ಮಹದೇವಮ್ಮ ಬೇಕೆಂದೇ ತಡಮಾಡಿ ಮೇಲಿನವರ ಕಡೆ ಸೇರಿಕೊಂಡರು ಎಂದು ಅವರ ಜನವೇ ಆಡಿಕೊಂಡಿತು. ಅದು ಬೇಗೂರಿನ ಅಂಗಡಿಗಳವರೆಗೂ ಬಂತು. ನಾನೂ ಕೇಳಿ ಸುಮ್ಮನಿದ್ದೆ. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಆಮೇಲೆ ಮೂರು ಹುಂಡಿಗಳಿಂದ ಯಾರೂ ಗೆಲ್ಲಲಿಲ್ಲ. ಅವರು ಮಂಜೂರು ಮಾಡಿಸಿದ್ದ ಸ್ಮಶಾನದ ದಾರಿ ಅರ್ಧಕ್ಕೇ ನಿಂತಿದೆ. ಮಳೆಗಾಲದಲ್ಲಿ ಹೆಣ ಹೊತ್ತವರು ಇವತ್ತಿಗೂ ಬದುವಿನ ಮೇಲೆ ಜಾರುತ್ತ ಹೋಗುತ್ತಾರೆ.

ದೊಡ್ಡಪ್ಪ ಈಗಿಲ್ಲ. ನಿವೃತ್ತನಾಗಿ ನಾನು ಚಾಮರಾಜನಗರದಲ್ಲಿದ್ದೇನೆ. ಗಡಿ ಬದಲಾವಣೆಯ ಮಾತು ಮತ್ತೆ ಕಿವಿಗೆ ಬಿದ್ದಾಗ ಸುಮ್ಮನೆ ಕೂರಲಾಗಲಿಲ್ಲ. ಹೋದ ತಿಂಗಳು ಮಹದೇವಮ್ಮನವರ ಮನೆಗೆ ಹೋದೆ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಸಾರ್. ನನ್ ಕಿವಿ ಚೆನ್ನಾಗೇ ಅದೆ."

"ಮತ್ತೆ ಅವತ್ತು ಯಾಕೆ..."

"ನಿಮ್ಮಾತ್ಗೆ ಎದುರಾಗಿ ನನ್ಮಾತ ಯಾರು ನಂಬಾರು?" ಇನ್ನೊಂದು ಹಣ್ಣು ಕುಟ್ಟಿ ತಲೆ ಎತ್ತಿದರು. "ನಂಗ್ಯಾಕೆ ಹೇಳೀರಿ? ನಂಗೊತ್ತಿರೋದ್ನೇ ತಾನೆ. ನಮ್ ಜನಕ್ ಹೇಳಿ. ಮೂರ್ ಹುಂಡೀಲೂ ಹೇಳಿ."

ಕ್ಷಮೆ ಕೇಳಬೇಕೆಂದು ಹೋಗಿದ್ದವನು ಕೇಳದೆ ಬಂದೆ.

ಕಳೆದ ಭಾನುವಾರ ಮೊದಲ ಹುಂಡಿಗೆ ಹೋದೆ. ಅರಳಿಕಟ್ಟೆಯ ಬಳಿ ನಲವತ್ತು ಜನ ಸೇರಿದ್ದರು. ನನ್ನ ಹೆಸರು, ದೊಡ್ಡಪ್ಪನ ಹೆಸರು, ಬೋರ್ಡಿನ ಮೇಲೆ ಅಂಟಿಸಿದ ಕಾಗದ — ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಕೊನೆಗೆ ಹಿಂದೆ ಕೂತಿದ್ದ ಹೆಂಗಸೊಬ್ಬಳು ನನಗಲ್ಲ, ಪಕ್ಕದವಳಿಗೆ ಹೇಳಿದಳು: "ಮಹದೇವಮ್ಮನ ಮಗಳ ಮದ್ವೇಗೂ ಓಗ್ಲಿಲ್ವಲ್ಲಮ್ಮಿ ನಾವು."

ಇನ್ನೆರಡು ಹುಂಡಿಗಳು ಉಳಿದಿವೆ.