ಬೋರ್ಡ್ ಬರೆಯುವವನ ಕೈ

ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವನ ಕಸುಬು. ಬೀದಿಯವರಿಗೆಲ್ಲ ಅವನು ಪೇಂಟರ್. ಏಣಿಯ ಮೇಲೆ ನಿಂತು, ದಾರ ಕಟ್ಟದೆಯೇ ನೇರ ಸಾಲು ಎಳೆಯುತ್ತಿದ್ದ. ನಲವತ್ತು ದಾಟುವಷ್ಟರಲ್ಲಿ ಎರಡೂ ಕಿಡ್ನಿಗಳು ಕೈಕೊಟ್ಟವು. ಡಯಾಲಿಸಿಸ್ಸಿಗೆ ಓಡಾಡಿ ಅವನು ಹಣ್ಣಾದ ಮೇಲೆ ಅಕ್ಕ ತನ್ನದೊಂದನ್ನು ಕೊಟ್ಟಳು. ಭಾವ ಬೇಡವೆಂದರೂ ಕೇಳಲಿಲ್ಲ.

"ಒಂದು ಕೊಟ್ಟ ಮಾತ್ರಕ್ಕೆ ನಾನೇನು ಅರ್ಧ ಆಗಿಬಿಡ್ತೀನಾ?" ಅಂದಳು.

ಕಿಡ್ನಿ ಹೊಂದಿಕೊಂಡಿತು, ಮೈ ಅದನ್ನು ತಳ್ಳಿಹಾಕದಿರಲೆಂದು ಕೊಟ್ಟ ಮಾತ್ರೆ ಹೊಂದಲಿಲ್ಲ. ದಿನಕ್ಕೆರಡು ಹೊತ್ತು ಅದನ್ನು ನುಂಗಲು ಶುರುಮಾಡಿದ ಮೇಲೆ ಕೈ ನಡುಗತೊಡಗಿತು. ಲೋಟದ ಚಹಾ ತುಳುಕಿದರೆ ಒರೆಸಿಕೊಳ್ಳಬಹುದು, ಅಕ್ಷರದ ಅಂಚು ಗರಗಸದ ಹಲ್ಲಿನಂತಾದರೆ ಯಾರು ಒಪ್ಪುತ್ತಾರೆ? ಔಷಧಿ ಅಂಗಡಿಯವನು ಒಮ್ಮೆ ಅಳಿಸಿ ಬರೆಸಿದ, ಆಮೇಲೆ ಬೇರೆಯವನನ್ನು ಕರೆಸಿದ. ಕ್ರಮೇಣ ಕಡಿಮೆಯಾಗುತ್ತದೆ, ತಾಳ್ಮೆಯಿರಲಿ ಎಂದಿದ್ದರು ಡಾಕ್ಟರಮ್ಮ. ಅವನ ತಾಳ್ಮೆ ಎಂದೋ ತಳ ಕಂಡಿತ್ತು.

ಯಾರಿಗೂ ಹೇಳದೆ ಸಂಜೆಯ ಮಾತ್ರೆ ಬಿಟ್ಟ. ಕೆಲವೇ ದಿನಗಳಲ್ಲಿ ಕೈ ಹಿಡಿತಕ್ಕೆ ಬಂತು. ಬೇಕರಿಯೊಂದಕ್ಕೆ ಮೊದಲಿನ ಹಾಗೇ ದುಂಡಗೆ ಬರೆದುಕೊಟ್ಟ. ಬೋರ್ಡ್ ನೋಡಿ ಹೆಂಡತಿ ಹಿಗ್ಗಿದಳು. ಅವಳ ಹಿಗ್ಗು ಕಂಡು ಮಾತ್ರೆ ಬಿಟ್ಟ ಮಾತನ್ನು ಅವನು ನುಂಗಿಕೊಂಡ.

ಮುಂದೆ ಪಾದ ಊದಿತು, ಮೂತ್ರ ಕಡಿಮೆಯಾಯಿತು, ಜ್ವರ ಬಂತು. ಆಸ್ಪತ್ರೆಯಲ್ಲಿ ಕಿಡ್ನಿಯ ಚೂರು ತೆಗೆದು ಪರೀಕ್ಷಿಸಿದರು; ಮೈ ಅದನ್ನು ಹೊರಗಿನದೆಂದು ತಳ್ಳುತ್ತಿತ್ತು. ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಾಗ ಅಕ್ಕನೂ ಅಲ್ಲೇ ಇದ್ದಳು.

"ಮಾತ್ರೆ ಬಿಟ್ಟಿದ್ರಿ, ಅಲ್ವಾ?"

ಅವನು ಗೋಡೆ ನೋಡಿದ. "ಅಕ್ಕನದೇ ಕಿಡ್ನಿ ಡಾಕ್ಟ್ರೇ. ಅದು ಹೊರಗಿಂದು ಹೇಗಾಗುತ್ತೆ?"

"ನಿಮಗೆ ಅಕ್ಕ. ರಕ್ತದಲ್ಲಿ ಕಾವಲು ಕಾಯೋ ಬಿಳಿ ಕಣಗಳಿಗೆ ಆ ಸಂಬಂಧ ಗೊತ್ತಿಲ್ಲ. ಅವು ಕಿಡ್ನೀನ ಮುಟ್ಟಿ ನೋಡಿದ ಕೂಡಲೇ ಬೇರೆಯವರದು ಅಂತ ತಿಳ್ಕೊಳ್ತವೆ. ಆಗ ಕಣದ ಒಳಗಿರೋ ಒಂದು ಪ್ರೋಟೀನು ನಡುವಿನ ಕೇಂದ್ರಕ್ಕೆ ಹೋಗಿ ಅಲ್ಲಿನ ಕೆಲವು ಜೀನ್‌ಗಳನ್ನ ಚಾಲೂ ಮಾಡುತ್ತೆ. ಅದರಿಂದ ಸೈಟೊಕೈನ್ ಅನ್ನೋ ರಾಸಾಯನಿಕ ಹೊರಗೆ ಬರುತ್ತೆ. ಬನ್ನಿ ಅಂತ ಉಳಿದ ಕಣಗಳನ್ನ ಕರೆಯೋದೇ ಅದು. ಆ ಕರೆಗೆ ಒಂದಿದ್ದದ್ದು ಹತ್ತಾಗುತ್ತೆ, ಹತ್ತಿದ್ದದ್ದು ಸಾವಿರ ಆಗುತ್ತೆ."

"ಮಾತ್ರೆ ಅವನ್ನ ಕೊಲ್ಲುತ್ತಾ?" ಅಕ್ಕ ಕೇಳಿದಳು.

"ಇಲ್ಲಮ್ಮ. ಆ ಪ್ರೋಟೀನು ಕೇಂದ್ರಕ್ಕೆ ಹೋಗದ ಹಾಗೆ ತಡೆಯುತ್ತೆ ಅಷ್ಟೆ. ಮಾತ್ರೆಯ ಬಲ ಇಳಿದರೆ ಮತ್ತೆ ಶುರು. ಅದಕ್ಕೇ ಇದು ದಿನಾ ಬೇಕು."

ಇಂಜೆಕ್ಷನ್ ಕೊಟ್ಟು ಕಿಡ್ನಿಯನ್ನು ಉಳಿಸಿದರು, ಪೂರ್ತಿಯಾಗಿ ಅಲ್ಲ. ಹೋದ ಶಕ್ತಿ ಬರುವುದಿಲ್ಲ ಎಂದರು. ನಿಧಾನವಾಗಿ ಕರಗುವ, ದಿನಕ್ಕೊಂದೇ ಸಾಕಾಗುವ ಮಾತ್ರೆ ಬರೆದುಕೊಟ್ಟರು. ನಡುಕ ತುಸು ತಗ್ಗಿತು, ಬಿಡಲಿಲ್ಲ. ಅಕ್ಷರದ ಕುಂಚಗಳನ್ನು ಅವನು ಬೇರೆ ಪೇಂಟರನಿಗೆ ಕೊಟ್ಟುಬಿಟ್ಟ. ಈಗ ಮನೆಗಳ ಗೋಡೆಗೆ ರೋಲರ್ ಎಳೆಯುತ್ತಾನೆ. ರೋಲರಿಗೆ ನಡುಕ ಲೆಕ್ಕಕ್ಕಿಲ್ಲ. ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಏದುಸಿರು ಬಂದು ಕೂರುತ್ತಾನೆ.

ಅಕ್ಕ ಬಯ್ಯುತ್ತಾಳೆಂದು ಎಷ್ಟೋ ದಿನ ಕಾದ. ಅವಳು ಬಯ್ಯಲಿಲ್ಲ. ಒಂದು ಭಾನುವಾರ ಅಕ್ಕನ ಮನೆಯ ಜಗಲಿಯಲ್ಲಿ ಅವಳ ಪಕ್ಕ ಕಾಲು ಚಾಚಿ ಕೂತಿದ್ದಾಗ ಅವನೇ ಬಾಯಿಬಿಟ್ಟ.

"ಸಾಯೋವರೆಗೂ ನುಂಗ್ತಾ ಇರ್ಬೇಕಲ್ಲಕ್ಕ. ಸಾಕಾಗಿದೆ."

"ನನಗೂ ಸಾಕಾಗಿದೆ," ಅಂದಳು ಅಕ್ಕ. "ಸ್ವಲ್ಪ ಆ ಕಡೆ ಸರಿ. ನಾನೂ ಕಾಲು ಚಾಚ್ತೀನಿ."

ಅವನು ಸರಿದು ಜಾಗ ಕೊಟ್ಟ.